ಉಳಿದರ್ಧ

ಅಮ್ಮನಿಗೆ ‘ನೀರು’ ಎನ್ನಲು ಬರುವುದಿಲ್ಲ. ಲೋಟದ ಕಡೆ ನೋಡುತ್ತಾಳೆ, ನನ್ನ ಕಡೆ ನೋಡುತ್ತಾಳೆ, ಬಾಯಿ ತೆರೆಯುತ್ತಾಳೆ. ಹೊರಗೆ ಬರುವುದು ‘ತೆಂ... ತೆಂ...’ ಅಷ್ಟೇ. ಕೊಂಕಣಿಯಲ್ಲಿ ‘ಅದು’ ಅಂತ ಅರ್ಥ. ಎರಡು ವರ್ಷದಿಂದ ಅವಳ ಪಾಲಿಗೆ ನೀರೂ ಅದು, ಸೀರೆಯೂ ಅದು, ನಾನೂ ಅದು.

ಸಂಜೆ ಏಳೂವರೆಗೆ ನಾನು ಜಪಮಾಲೆ ಹಿಡಿದು ಅವಳ ಮಂಚದ ಪಕ್ಕ ಕೂರುತ್ತೇನೆ. ‘ನಮಾನ್ ಮರಿಯೆ’ ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸುತ್ತೇನೆ. ಉಳಿದರ್ಧ ಅಮ್ಮ ಹೇಳುತ್ತಾಳೆ. ತೊದಲದೆ, ತಡವರಿಸದೆ, ಒಂದಕ್ಷರ ಬಿಡದೆ. ಹಾಗೆ ಐವತ್ತಮೂರು ಸಲ. ಕೊನೆಯ ಆಮೆನ್ ಆಯಿತೋ, ಬಾಗಿಲು ಮುಚ್ಚಿತು. ಗಂಜಿ ಬೇಕಾ ಅಂತ ಕೇಳಿದರೆ ಮತ್ತೆ ‘ತೆಂ... ತೆಂ...’

ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬ ದಿನ ಯೋಚಿಸಿದೆ. ಪ್ರಾರ್ಥನೆ ಬಗ್ಗೆ ಬರೆಯುವುದೆಂದರೆ ನನಗೆ ಮುಜುಗರ. ನಾನು ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ದಿನವಿಡೀ ಸಂಧಿ, ಸಮಾಸ, ಪತ್ರಲೇಖನ. ಭಾನುವಾರ ಇಗರ್ಜಿಗೆ ಹೋಗುತ್ತೇನೆ, ಹೆಚ್ಚಾಗಿ ಹಿಂದಿನ ಬೆಂಚು. ಭಕ್ತೆ ಅಂತ ಯಾರಾದರೂ ಕರೆದರೆ ನಮ್ಮ ಅಣ್ಣನೇ ಮೊದಲು ನಗುವವನು. ಆದರೆ ಈ ಅರ್ಧ-ಉಳಿದರ್ಧದ ವಿಷಯ ತಲೆಯಿಂದ ಹೋಗುತ್ತಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಜಪಮಾಲೆ ಹಿಡಿದು ಹೇಳುವ ಈ ಜಪಸರಕ್ಕೆ ನಮ್ಮ ಕೊಂಕಣಿಯಲ್ಲಿ ‘ತೆರ್ಸ್’ ಎನ್ನುತ್ತಾರೆ. ಪೋರ್ಚುಗೀಸರ ‘ತೆರ್ಸು’ ಎಂಬ ಮಾತಿನಿಂದ ಬಂದದ್ದು. ಅಂದರೆ ಮೂರರಲ್ಲಿ ಒಂದು ಪಾಲು. ಹಿಂದೆ ಪೂರ್ತಿ ಜಪಸರಕ್ಕೆ ಹದಿನೈದು ರಹಸ್ಯ (ಏಸು, ಮರಿಯಳ ಬದುಕಿನ ಒಂದೊಂದು ಘಟನೆಯ ಧ್ಯಾನ), ರಹಸ್ಯಕ್ಕೆ ಹತ್ತರಂತೆ 150 ನಮಾನ್ ಮರಿಯೆ. ಬೈಬಲಿನ ಕೀರ್ತನೆಗಳೂ 150. ದಿನಕ್ಕೆ ಐದೇ ರಹಸ್ಯ ಹೇಳುವುದರಿಂದ ಮೂರನೇ ಒಂದು ಪಾಲು. (ಶುರುವಿನಲ್ಲಿ ಹೇಳುವ ಮೂರು ಸೇರಿ ಐವತ್ತಮೂರು.) 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಬೆಳಕಿನ ರಹಸ್ಯಗಳೆಂದು ಇನ್ನೈದು ಸೇರಿಸಿದರು. ಒಟ್ಟು ಇಪ್ಪತ್ತಾಯಿತು. ಲೆಕ್ಕದ ಪ್ರಕಾರ ಈಗ ತೆರ್ಸ್ ನಾಲ್ಕನೇ ಒಂದು ಪಾಲು. ಹೆಸರು ಮಾತ್ರ ಹಳೆಯದೇ. ಭಾಷೆ ಕಲಿಸುವವಳಿಗೆ ಇಂಥದ್ದು ಸಿಕ್ಕರೆ ಖುಷಿ, ಕ್ಷಮಿಸಿ.

ನಮಾನ್ ಮರಿಯೆ ಎರಡು ತುಂಡಿನ ಪ್ರಾರ್ಥನೆ. ಮೊದಲ ತುಂಡು ದೇವದೂತ ಗಬ್ರಿಯೇಲನೂ ಎಲಿಜಬೆತಳೂ ಮರಿಯಳಿಗೆ ಹೇಳಿದ ಮಾತು. ಲೂಕನ ಸುವಾರ್ತೆಯಲ್ಲಿದೆ. ಎರಡನೆಯದು ಎಷ್ಟೋ ಕಾಲದ ನಂತರ ಸೇರಿದ್ದು. ಪಾಪಿಗಳಾದ ನಮಗಾಗಿ ಬೇಡಿಕೋ ತಾಯೇ, ಈಗಲೂ, ನಮ್ಮ ಮರಣದ ಗಳಿಗೆಯಲ್ಲೂ ಅಂತ. ಮನೆಯಲ್ಲಿ ಹೇಳುವಾಗ ಒಬ್ಬರು ಮೊದಲ ತುಂಡು ಹೇಳಿ ನಿಲ್ಲಿಸುತ್ತಾರೆ, ಮಿಕ್ಕವರು ಎರಡನೆಯದು ಹೇಳಿ ಮುಗಿಸುತ್ತಾರೆ. ಒಬ್ಬರೇ ಇದ್ದರೆ ಎರಡೂ ನಾವೇ ಹೇಳಿಕೊಳ್ಳಬೇಕು. ಅದು ಇಬ್ಬರು ಆಡುವ ಚೆನ್ನೆಮಣೆಯನ್ನು ಒಬ್ಬರೇ ಕೂತು ಆಡಿದ ಹಾಗೆ.

ನಮ್ಮ ಬಾಲ್ಯದಲ್ಲಿ ಇದೊಂದು ಶಿಕ್ಷೆ. ಸಂಜೆ ಪ್ರಾರ್ಥನೆಗೆ ಇಗರ್ಜಿಯ ಆಮೊರಿ ಗಂಟೆ ಬಾರಿಸಿತೆಂದರೆ ಆಟ ಬಂದ್. ಕೈಕಾಲು ತೊಳೆದು ಆಲ್ತಾರಿನ, ಅಂದರೆ ಮನೆಯ ದೇವರ ಪೀಠದ, ಮುಂದೆ ಮೊಣಕಾಲೂರಬೇಕು. ಕೆಂಪು ಕಾವಿಯ ನೆಲ, ಗಟ್ಟಿ. ಅಡುಗೆಮನೆಯಿಂದ ಒಣಮೀನು ಸುಡುವ ವಾಸನೆ. ಮೇಲೆ ಹೆಂಚು, ಅದನ್ನು ಹೊತ್ತ ಮರದ ಪಕ್ಕಾಸು. ಎರಡನೇ ರಹಸ್ಯದ ಹೊತ್ತಿಗೆ ನಾನು ಪಕ್ಕಾಸು ಎಣಿಸುತ್ತಿದ್ದೆ, ಅಣ್ಣ ನನ್ನ ಅಂಗಾಲಿಗೆ ಕಚಗುಳಿ ಇಡುತ್ತಿದ್ದ. ಪಪ್ಪನಿಗೆ ರೇಡಿಯೋ ವಾರ್ತೆಯ ಅವಸರ, ಹಾಗಾಗಿ ಅವರ ಪಾಲಿನ ಹತ್ತು ಮಣಿ ಎಕ್ಸ್‌ಪ್ರೆಸ್ ಬಸ್ಸು. ಅಜ್ಜಿಯದು ಮಾತ್ರ ನಿಧಾನ. ಕೊನೆಯಲ್ಲಿ ಮರಿಯಮ್ಮನ ಹೆಸರುಗಳ ಸಾಲನ್ನು ಅವಳು ಲ್ಯಾಟಿನ್‌ನಲ್ಲೇ ಹೇಳುತ್ತಿದ್ದಳು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯ ನಂತರ ತಾನೇ ಪೂಜೆ ನಮ್ಮ ಭಾಷೆಗೆ ಬಂದದ್ದು. ಅಜ್ಜಿ ಅದಕ್ಕೂ ಹಿಂದಿನವಳು. ‘ಓರಾ ಪ್ರೊ ನೋಬಿಸ್’ ಅಂದರೆ ‘ನಮಗಾಗಿ ಬೇಡಿಕೋ’. ಅಜ್ಜಿಗೆ ಅದು ಮೂರು ಪದವೆಂದು ಗೊತ್ತಿರಲಿಲ್ಲ. ‘ಒರಪ್ರನೋಬಿ’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ಅರ್ಥವೇನು ಅಂತ ನಾನೊಮ್ಮೆ ಕೇಳಿದೆ. ‘ದೇವರಿಗೆ ಗೊತ್ತುಂಟಲ್ಲ, ನಿನಗೆಂತಕ್ಕೆ?’ ಅಂದಳು.

ತೆರ್ಸ್ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಜೋಡಿಸಿ ‘ಬೆಸಾಂವ್’ ಕೇಳಬೇಕು. ಆಶೀರ್ವಾದ. ಅಜ್ಜಿಯ ಕೈ ಹಣೆಯ ಹತ್ತಿರ ಬಂದಾಗ ನಶ್ಯದ ವಾಸನೆ. ಆಮೇಲೆ ಊಟ.

ಹತ್ತನೇ ಕ್ಲಾಸಿನಲ್ಲಿ ನನಗೊಬ್ಬಳು ಗೆಳತಿ ಸಿಕ್ಕಿದಳು. ಬಲ್ಮಠದ ಕಡೆಯವಳು, ಬಾಸೆಲ್ ಮಿಶನ್ ಸಭೆಯವಳು. ನಾವು ಕಥೋಲಿಕರು, ಅವರು ಪ್ರೊಟೆಸ್ಟೆಂಟರು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನಿನವರು ಊರಿಗೆ ಅಚ್ಚುಕೂಟ, ಹೆಂಚಿನ ಕಾರ್ಖಾನೆ, ನೇಯ್ಗೆ ಎಲ್ಲ ತಂದರು ಅಂತ ಪಾಠದಲ್ಲಿ ಓದಿದ್ದೆವು. ಅವರು ಇನ್ನೊಂದನ್ನೂ ಕಲಿಸಿ ಹೋಗಿದ್ದರು ಅಂತ ಅವಳ ಮನೆಗೆ ಹೋದಾಗಲೇ ತಿಳಿದದ್ದು. ಊಟಕ್ಕೆ ಕೂತಾಗ ಅವಳ ತಂದೆ ಕಣ್ಣು ಮುಚ್ಚಿದರು. ಪುಸ್ತಕವಿಲ್ಲ, ಮಣಿಯಿಲ್ಲ. ಸುಮ್ನೆ ಮಾತಾಡತೊಡಗಿದರು, ಕನ್ನಡದಲ್ಲಿ. ಮನೆಯ ಮಾಡು ಸೋರುವುದನ್ನು ಹೇಳಿದರು. ಮಗಳ ಗಣಿತದ ಪರೀಕ್ಷೆ ಹೇಳಿದರು. ‘ಈ ಹೊತ್ತು ನಮ್ಮ ಮನೆಗೆ ಬಂದ ಈ ಮಗುವನ್ನೂ ನೋಡಿಕೋ ಕರ್ತನೇ’ ಅಂತ ನನ್ನ ಹೆಸರೂ ಹೇಳಿದರು.

ನಾನು ಕಣ್ಣು ಬಿಟ್ಟು ನೋಡಿದೆ. ದೇವರ ಹತ್ತಿರ ಹೀಗೂ ಮಾತಾಡಬಹುದಾ? ಅದೂ ಕನ್ನಡದಲ್ಲಿ? ಅಲ್ಲಿಯವರೆಗೆ ನನಗೆ ಕನ್ನಡ ಎಂದರೆ ಶಾಲೆ, ಕೊಂಕಣಿ ಎಂದರೆ ದೇವರು ಮತ್ತು ಬೈಗುಳ.

ಅವತ್ತು ಸಂಜೆ ಮನೆಯಲ್ಲಿ ದೊಡ್ಡ ಭಾಷಣ ಬಿಗಿದೆ. ನಮ್ಮದು ಗಿಳಿಪಾಠ, ಯಾರಿಗೂ ಅರ್ಥದ ಕಡೆ ಗಮನವಿಲ್ಲ, ಹೇಳಿದ್ದನ್ನೇ ಹೇಳುವುದನ್ನು ಏಸುವೇ ಬೇಡ ಅಂದಿದ್ದಾನೆ, ಮತ್ತಾಯ ಆರನೇ ಅಧ್ಯಾಯ ನೋಡಿ ಅಂತ. ಅಧ್ಯಾಯದ ನಂಬರು ಗೆಳತಿ ಕೊಟ್ಟದ್ದು. ಪಪ್ಪ ಕೆಮ್ಮಿದರು. ಅಮ್ಮ ಬೈಯಲಿಲ್ಲ. ‘ಸರಿ, ಇವತ್ತು ನೀನೇ ನಿನ್ನ ಮಾತಲ್ಲಿ ಮಾಡು. ನಾವು ಕೇಳ್ತೇವೆ’ ಅಂದಳು.

ಮಾಡಿದೆ. ನಾಲ್ಕು ವಾಕ್ಯ ಬಂತು. ಐದನೆಯದು ಬರಲಿಲ್ಲ. ಒಲೆಯಲ್ಲಿ ಸೌದೆ ಚಟಪಟ ಅನ್ನುವುದು ಕೇಳುತ್ತಿತ್ತು. ಅಣ್ಣ ಕಿಸಕ್ಕನೆ ನಕ್ಕ. ಅಮ್ಮ ನಗಲಿಲ್ಲ. ನಾನು ನಿಂತಲ್ಲಿಂದಲೇ ಎತ್ತಿಕೊಂಡವಳ ಹಾಗೆ ‘ನಮಾನ್ ಮರಿಯೆ’ ಅಂತ ಶುರು ಮಾಡಿದಳು. ಅವಮಾನದಲ್ಲಿ ಮುಖ ಉರಿಯುತ್ತಿದ್ದರೂ ಉಳಿದರ್ಧ ನನ್ನ ಬಾಯಿಂದ ತಾನಾಗಿ ಬಂತು.

ಮತ್ತಾಯ ಆರನೇ ಅಧ್ಯಾಯವನ್ನು ನಾನು ಪೂರ್ತಿ ಓದಿದ್ದು ಎಷ್ಟೋ ವರ್ಷದ ಮೇಲೆ. ಏಳನೇ ವಚನದಲ್ಲಿ, ಮಾತು ಜಾಸ್ತಿಯಾದರೆ ದೇವರು ಕೇಳುತ್ತಾನೆ ಅಂದುಕೊಂಡು ಬಡಬಡಿಸಬೇಡಿ ಅಂತ ಇರುವುದು ನಿಜ. ಅದಾಗಿ ಎರಡೇ ವಚನಕ್ಕೆ ‘ನೀವು ಹೀಗೆ ಪ್ರಾರ್ಥಿಸಿ’ ಅಂತ ಏಸು ತಾನೇ ಬಾಯಿಪಾಠಕ್ಕೆ ಬರುವಂಥ ಒಂದು ಪ್ರಾರ್ಥನೆ ಕೊಡುತ್ತಾನೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಬಂದದ್ದು ಅಲ್ಲಿಂದ. ಗೆಳತಿ ಅಷ್ಟು ದೂರ ಓದಿರಲಿಲ್ಲ ಅಂತ ಕಾಣುತ್ತದೆ. ನಾನೂ ಓದಿರಲಿಲ್ಲ.

ಎರಡು ವರ್ಷದ ಹಿಂದೆ ಆಗಸ್ಟಿನ ಒಂದು ರಾತ್ರಿ ಅಮ್ಮ ಬಚ್ಚಲಿನಲ್ಲಿ ಬಿದ್ದಳು. ಜಡಿಮಳೆ. ಬಲಗೈ, ಬಲಗಾಲು ಸ್ವಾಧೀನವಿಲ್ಲ, ಬಾಯಿ ಒಂದು ಕಡೆಗೆ. ಸ್ಟ್ರೋಕ್. ಆಸ್ಪತ್ರೆಯ ಐಸಿಯು ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಅಲ್ಲಿ ಕೂತು ಬೆಳಗಿನ ಜಾವದವರೆಗೆ ನಾನು ಪ್ರಾರ್ಥನೆ ಮಾಡಲು ನೋಡಿದೆ. ನನ್ನ ಸ್ವಂತ ಮಾತಲ್ಲಿ. ಬಂದದ್ದೇನು ಗೊತ್ತಾ? ಒಂಬತ್ತನೇ ಕ್ಲಾಸಿಗೆ ಕಲಿಸುವ ಮನವಿ ಪತ್ರ. ಮಾನ್ಯರೇ, ವಿಷಯ: ತಾಯಿಯನ್ನು ಉಳಿಸಿಕೊಡುವ ಬಗ್ಗೆ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ... ನಗಬೇಡಿ, ನಿಜ. ಪತ್ರ ಕೆಲಸ ಮಾಡದಿದ್ದಾಗ ವ್ಯಾಪಾರಕ್ಕಿಳಿದೆ. ಅವಳನ್ನು ಉಳಿಸಿದರೆ ಕಾರ್ಕಳದ ಅತ್ತೂರು ಇಗರ್ಜಿಯ ಹಬ್ಬಕ್ಕೆ ನಡೆದುಕೊಂಡು ಬರುತ್ತೇನೆ. ಬಿಕರ್ನಕಟ್ಟೆಯ ಬಾಲಯೇಸು ಮಂದಿರಕ್ಕೆ ಒಂಬತ್ತು ಗುರುವಾರ ಬರುತ್ತೇನೆ. ಹೇಳುತ್ತಿರುವಾಗಲೇ ನನಗೇ ನಾಚಿಕೆಯಾಯಿತು. ಒಂಬತ್ತು ಗುರುವಾರಕ್ಕೆ ಒಂದು ಜೀವ! ತರಕಾರಿ ಅಂಗಡಿಯಲ್ಲೂ ಈ ರೇಟಿಗೆ ಚೌಕಾಸಿ ಮಾಡುವುದಿಲ್ಲ.

(ಅತ್ತೂರಿಗೂ ಬಿಕರ್ನಕಟ್ಟೆಗೂ ಹರಕೆ ಹೊತ್ತು ಹೋಗುವವರ ಬಗ್ಗೆ ನನಗೆ ತಾತ್ಸಾರವಿಲ್ಲ. ಅಲ್ಲಿ ಮೇಣದಬತ್ತಿ ಹಿಡಿದು ನಿಂತವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ, ನನಗಿಂತ ಗಟ್ಟಿ ನಂಬಿಕೆಯವರು. ನಾಚಿಕೆಯಾದದ್ದು ನನ್ನ ಅಂಗಡಿ ಬುದ್ಧಿಗೆ.)

ಹನ್ನೊಂದನೆಯ ದಿನ ಅಮ್ಮನನ್ನು ವಾರ್ಡಿಗೆ ತಂದಿದ್ದರು. ಅಷ್ಟು ದಿನವೂ ಒಂದು ಶಬ್ದವಿಲ್ಲ. ಸಂಜೆ ಅತ್ತಿಗೆ ಬಂದಳು. ಪಕ್ಕದ ಮಂಚದವರಿಗೆ ತೊಂದರೆಯಾಗಬಾರದೆಂದು ಮೆಲ್ಲಗೆ, ಬಗ್ಗಿ, ಅಮ್ಮನ ಕಿವಿಯ ಹತ್ತಿರ ತೆರ್ಸ್ ಶುರು ಮಾಡಿದಳು. ಮೊದಲ ನಮಾನ್ ಮರಿಯೆಯ ಅರ್ಧಕ್ಕೆ ಉಸಿರು ತೆಗೆದುಕೊಳ್ಳಲು ನಿಂತಳು, ಅಷ್ಟೇ.

ಅಮ್ಮ ಉಳಿದರ್ಧ ಹೇಳಿದಳು.

ಅತ್ತಿಗೆಯ ಕೈಯಿಂದ ಜಪಮಾಲೆ ಜಾರಿತು. ಪಕ್ಕದ ಮಂಚದ ಹತ್ತಿರ ಕೂತಿದ್ದ ಬ್ಯಾರಿ ಮುಸ್ಲಿಂ ಹೆಂಗಸು ಎದ್ದು ಬಂದು ‘ಮಾತು ಬಂತಲ್ಲ ಬಾಯಮ್ಮಾ, ಮಾತು ಬಂತಲ್ಲ!’ ಅಂತ ನನ್ನ ಭುಜ ಹಿಡಿದು ಅಲುಗಾಡಿಸಿದರು. ಅಣ್ಣ ಕಾರಿಡಾರಿಗೆ ಓಡಿ ಕುವೈತಿನಿಂದ ಕಿನ್ನಿಗೋಳಿವರೆಗೆ ಎಲ್ಲರಿಗೂ ಫೋನು ಮಾಡಿದ. ಅವತ್ತು ರಾತ್ರಿ ನಮಗೆಲ್ಲ ಅದು ಪವಾಡ.

ಬೆಳಿಗ್ಗೆ ಸ್ಪೀಚ್ ಥೆರಪಿಯ ಹುಡುಗಿ ಬಂದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನಾನು ಉಬ್ಬಿಹೋಗಿ ವಿಷಯ ಹೇಳಿದೆ. ಅವಳು ಬೇಜಾರು ಮಾಡಿಸಬಾರದೆಂದು ಮೆತ್ತಗೆ ಮಾತಾಡಿದಳು. ‘ಆಂಟಿ, ಈಗ ನೋಡಿ’ ಎಂದು ಅಮ್ಮನ ಮುಂದೆ ಕೂತು ‘ಏಕ್, ದೋನ್...’ ಅಂದಳು. ಅಮ್ಮ ‘ತೀನ್, ಚಾರ್, ಪಾಂಚ್’ ಅಂತ ಮುಂದುವರಿಸಿದಳು. ಇಪ್ಪತ್ತು ದಾಟಿದರೂ ನಿಲ್ಲಿಸಲಿಲ್ಲ. ಮೂರು ಬೆರಳು ತೋರಿಸಿ ‘ಇದೆಷ್ಟು?’ ಎಂದರೆ ‘ತೆಂ... ತೆಂ...’

ಇದಕ್ಕೆ ಅಫೇಸಿಯಾ ಎನ್ನುತ್ತಾರಂತೆ. ಸಾಮಾನ್ಯವಾಗಿ ಮಾತಿನ ಕೆಲಸ ಮೆದುಳಿನ ಎಡಭಾಗದ್ದು. ಅಲ್ಲಿ ರಕ್ತ ಹೋಗದೆ ಪೆಟ್ಟಾದರೆ ಬೇಕಾದ ಪದವನ್ನು ಹುಡುಕಿ ಜೋಡಿಸುವ ಶಕ್ತಿ ಹೋಗುತ್ತದೆ. ಆದರೆ ಸಾವಿರ ಸಲ ಹೇಳಿ ಹೇಳಿ ಜಾಡು ಬಿದ್ದ ಮಾತುಗಳು ಎಷ್ಟೋ ಜನರಲ್ಲಿ ಉಳಿಯುತ್ತವೆ. ಎಣಿಕೆ, ವಾರದ ಹೆಸರು, ಬೈಗುಳ, ಹಾಡು, ಪ್ರಾರ್ಥನೆ. ಅವಕ್ಕೆ ಬೇರೆ ಹಾದಿ. ‘ಇದು ಮಾತು ವಾಪಸ್ ಬಂದದ್ದಲ್ಲ ಆಂಟಿ, ಉಳಿದದ್ದು’ ಅಂದಳು ಆ ಹುಡುಗಿ.

ಬೈಗುಳ ಮತ್ತು ಪ್ರಾರ್ಥನೆ ಒಂದೇ ಪಟ್ಟಿಯಲ್ಲಿ. ಪವಾಡ ಅಂದುಕೊಂಡದ್ದು ಮಗ್ಗಿಯಾಯಿತು. ಹತ್ತನೇ ಕ್ಲಾಸಿನ ಹುಡುಗಿ ಒಳಗಿಂದ ಎದ್ದು ‘ಗಿಳಿಪಾಠ ಅಂತ ನಾನು ಆಗಲೇ ಹೇಳಿರಲಿಲ್ವಾ?’ ಅಂತ ಕೇಳಿದಳು.

ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಹುಡುಕುತ್ತಾ ಹೋದೆ. ಇಂಥದ್ದನ್ನು ಬರೆದಿಟ್ಟವರು ಹಿಂದೆಯೂ ಇದ್ದರು. 1745ರಲ್ಲಿ ಸ್ವೀಡನ್ನಿನ ಓಲೋಫ್ ಡಾಲಿನ್ ಎಂಬವರು ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಬಲಭಾಗ ಬಿದ್ದು ಹೋಗಿ, ‘ಹೌದು’ ಎಂಬುದೊಂದು ಬಿಟ್ಟರೆ ಮಾತೇ ಇಲ್ಲದವನು. ಅವನು ಮೊದಲು ಕಲಿತಿದ್ದ ಭಕ್ತಿಗೀತೆಗಳನ್ನು ಸರಿಯಾಗಿ ಹಾಡುತ್ತಿದ್ದನಂತೆ, ಕೆಲವು ಪ್ರಾರ್ಥನೆಗಳನ್ನೂ ಹೇಳುತ್ತಿದ್ದನಂತೆ. ಅದಕ್ಕೆ ಜೊತೆಯಲ್ಲಿ ಇನ್ನೊಬ್ಬರು ಶುರು ಮಾಡಿಕೊಡಬೇಕಿತ್ತು.

ಆ ಕೊನೆಯ ಮಾತನ್ನು ನಾಲ್ಕೈದು ಸಲ ಓದಿದೆ. ಇನ್ನೊಬ್ಬರು ಶುರು ಮಾಡಿಕೊಡಬೇಕು. ಅಮ್ಮನದೂ ಹಾಗೇ. ಮೊದಲರ್ಧ ಅವಳಿಗೆ ಬರುವುದಿಲ್ಲ. ಜಪಮಾಲೆ ಕೈಗೆ ಕೊಟ್ಟರೆ ಎಡಗೈ ಹೆಬ್ಬೆರಳು ಮಣಿಯ ಮೇಲೆ ಹೋಗಿ ಕೂರುತ್ತದೆ, ತುಟಿ ತೆರೆಯುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಕಣ್ಣು ಬಾಗಿಲ ಕಡೆ. ಯಾರಾದರೂ ಬರಬೇಕು.

ಮನೆಗೆ ಕರೆತಂದ ಮೇಲೆ ನೋಡಲು ಬಂದವರು ತುಂಬ ಜನ. ಮೀನಿನ ಬುಟ್ಟಿ ಹೊತ್ತು ಮನೆ ಮನೆಗೆ ಬರುವ ಹೆಂಗಸು ಬುಟ್ಟಿ ಅಂಗಳದಲ್ಲಿಟ್ಟು ಒಳಗೆ ಬಂದು ಅಮ್ಮನ ಕಾಲೊತ್ತಿ ಹೋದಳು. ಯಾವುದೋ ಪ್ರಾರ್ಥನಾ ಕೂಟದ ಒಬ್ಬ ಮಹನೀಯರೂ ಬಂದರು. ಅಮ್ಮನ ತಲೆಯ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿದರು. ಹದಿನೈದು ನಿಮಿಷವಾದರೂ ಮಾತು ಬರಲಿಲ್ಲ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ‘ಈ ಮನೆಯಲ್ಲಿ ಯಾರದೋ ನಂಬಿಕೆ ಸಾಲುತ್ತಿಲ್ಲ’ ಅಂದರು. ನೋಡಿದ್ದು ನನ್ನನ್ನೇ.

ಸಿಟ್ಟು ಬಂತು. ಈಗಲೂ ಇದೆ. ಕೇಳಿದ್ದು ಸಿಗದಿದ್ದರೆ ಕೇಳಿದವರದೇ ತಪ್ಪು ಅನ್ನುವುದಾದರೆ ಏಸು ಸೆರೆಯಾಗುವ ಮೊದಲು ಗೆತ್ಸೆಮನೆ ತೋಟದಲ್ಲಿ ನಡೆದದ್ದೇನು? ಸಂಕಟದ ಈ ಪಾತ್ರೆಯನ್ನು ನನ್ನಿಂದ ತೆಗೆದುಬಿಡು ಅಂತ ಏಸು ಬೇಡಿದ. ಪಾತ್ರೆ ತೆಗೆಯಲಿಲ್ಲ. ಅವನ ನಂಬಿಕೆಯೂ ಕಡಿಮೆಯಾಗಿತ್ತಾ? ಇನ್ನೊಂದು ವಿಷಯ. ಅಂದು ರಾತ್ರಿ ಅವನು ಮೂರು ಸಲ ಬೇಡಿದ, ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿದ ಅಂತ ಮತ್ತಾಯನೇ ಬರೆದಿದ್ದಾನೆ. ಅದೇ ಮಾತುಗಳನ್ನು! ಮರುದಿನ ಶಿಲುಬೆಯ ಮೇಲೆ ಕೂಗಿದ್ದಾದರೂ ಏನು? ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?’ ಅದು ಇಪ್ಪತ್ತೆರಡನೇ ಕೀರ್ತನೆಯ ಮೊದಲ ಸಾಲು. ಪ್ರಾಣ ಬಿಡುವಾಗ ‘ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ’ ಅಂದದ್ದು ಮೂವತ್ತೊಂದನೇ ಕೀರ್ತನೆ. ಎರಡೂ ಅವನು ಆಗ ಕಟ್ಟಿದ ಮಾತಲ್ಲ. ನಜರೇತಿನ ಮನೆಯಲ್ಲಿ, ಸಭಾಮಂದಿರದಲ್ಲಿ ಹುಡುಗನಾಗಿದ್ದಾಗ ಕೇಳಿ ಕೇಳಿ ಬಾಯಿಗೆ ಬಂದಿದ್ದವು ಇರಬೇಕು. ಅಮ್ಮನ ಪಕ್ಕ ಕೂತು ಕಲಿತದ್ದೂ ಇರಬಹುದು.

ಇದು ಹೊಳೆದಾಗ ನಾನು ಬಸ್ಸಿನಲ್ಲಿದ್ದೆ. ಕಂಕನಾಡಿಯಲ್ಲಿ ಇಳಿಯಬೇಕಾದವಳು ಪಂಪ್‌ವೆಲ್‌ಗೆ ಹೋಗಿ ಇಳಿದೆ.

ಹಾಗಂತ ಸ್ವಂತ ಮಾತಿನ ಪ್ರಾರ್ಥನೆಯೇ ಬೇಡ ಅನ್ನುತ್ತಿಲ್ಲ. ಗೆಳತಿಯ ತಂದೆಯ ಪ್ರಾರ್ಥನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಸ್ವಂತ ಮಾತಿರುವವರು ಮಾಡಲಿ. ನನ್ನದು ಮನವಿ ಪತ್ರವಾಗುತ್ತದೆ, ಅಮ್ಮನದು ‘ತೆಂ... ತೆಂ...’ ಆಗುತ್ತದೆ. ನಮಗಿಬ್ಬರಿಗೂ ಕಡ ತಂದ ಮಾತೇ ಗತಿ. ಅದರಲ್ಲೂ ಒಂದು ತಮಾಷೆ ಉಂಟು. ನನಗೆ ಶುರು ಮಾಡಲು ಬಾಯಿ ಇದೆ, ಎಷ್ಟೋ ದಿನ ಮನಸ್ಸಿಲ್ಲ. ಶಾಲೆಯಿಂದ ಬಂದು, ಉತ್ತರಪತ್ರಿಕೆ ತಿದ್ದಿ, ಅವಳ ಬಟ್ಟೆ ಬದಲಿಸಿ ಕೂತರೆ ದೇವರು ಇದ್ದಾನೆ ಅಂತಲೂ ಅನಿಸುವುದಿಲ್ಲ, ಇಲ್ಲ ಅಂತಲೂ ಅನಿಸುವುದಿಲ್ಲ, ಬರೀ ಸೊಂಟ ನೋಯುತ್ತದೆ. ಅಮ್ಮನಿಗೆ ಮನಸ್ಸಿದೆ, ಶುರು ಮಾಡಲು ಬಾಯಿಲ್ಲ. ಏಳೂವರೆ ದಾಟಿದರೆ ಎಡಗೈಯಿಂದ ಮಂಚದ ಪಟ್ಟಿ ಬಡಿಯುತ್ತಾಳೆ. ನಾನು ಹೋಗುತ್ತೇನೆ. ನಾನು ಅರ್ಧ ಹೇಳುತ್ತೇನೆ, ಅವಳು ಅರ್ಧ ಹೇಳುತ್ತಾಳೆ. ಒಂದು ದಿನ ಮೂರನೇ ರಹಸ್ಯದ ನಡುವೆ ನನಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಅವಳ ಹೆಬ್ಬೆರಳು ಅದೇ ಮಣಿಯ ಮೇಲಿತ್ತು. ಕಾಯುತ್ತಿದ್ದಳು. ಎಷ್ಟು ಹೊತ್ತಿನಿಂದಲೋ.

ಅವಳಿಗೆ ಅರ್ಥವಾಗಿ ಹೇಳುತ್ತಾಳಾ, ಜಾಡಿನಲ್ಲಿ ಹೇಳುತ್ತಾಳಾ ಅಂತ ನಾನೀಗ ಪರೀಕ್ಷೆ ಮಾಡುವುದಿಲ್ಲ. ಬೈಬಲಿನಲ್ಲಿ ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ ಒಂದು ಮಾತಿದೆ. ಹೇಗೆ ಬೇಡಬೇಕೆಂದು ನಮಗೆ ತಿಳಿಯದಿದ್ದಾಗ ಮಾತಿಗೆ ಬಾರದ ನರಳಾಟದಿಂದ ಪವಿತ್ರಾತ್ಮನೇ ನಮ್ಮ ಪರವಾಗಿ ಬೇಡುತ್ತಾನೆ ಎಂಬ ಮಾತು. ‘ತೆಂ... ತೆಂ...’ ಕೂಡ ಎಲ್ಲೋ ತಲುಪುತ್ತಿರಬಹುದು. ಅಜ್ಜಿಯ ಒರಪ್ರನೋಬಿ ತಲುಪಿದ ಹಾಗೆ.

ಇನ್ನು ಹೆಸರುಗಳ ಪಟ್ಟಿಯ ವಿಷಯ. ತೆರ್ಸ್ ಮುಗಿದ ಮೇಲೆ ನಮ್ಮ ಮನೆಯಲ್ಲಿ ಇನ್ನೊಂದು ಬಾಲ ಇತ್ತು. ಇವರಿಗೊಂದು ‘ಆಮ್ಚ್ಯಾ ಬಾಪಾ’ (ಏಸು ಕೊಟ್ಟ ಆ ‘ನಮ್ಮ ತಂದೆಯೇ’), ಅವರಿಗೊಂದು ‘ಆಮ್ಚ್ಯಾ ಬಾಪಾ’ ಅಂತ ಅಮ್ಮ ಹೆಸರು ಹೇಳುತ್ತಾ ಹೋಗುವುದು. ಹಸಿದ ಮಕ್ಕಳಿಗೆ ಇದರಷ್ಟು ಸಿಟ್ಟು ಬರುವುದು ಇನ್ನೊಂದಿಲ್ಲ. ತೀರಿಹೋದ ಅಜ್ಜನಿಗೆ. ಕುವೈತಿನ ಮಾವನಿಗೆ. ಮದುವೆಯಾಗದೆ ಉಳಿದ ಆಚೆಮನೆಯ ಹುಡುಗಿಗೆ. ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತಿತ್ತು. ಮಾರ್ಚಿನಲ್ಲಿ ಪರೀಕ್ಷೆ ಬರೆಯುವವರು. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆ. ಆಗಸ್ಟಿನಲ್ಲಿ ದೋಣಿ ಇಳಿದರೆ ಮೀನಿನ ಹೆಂಗಸಿನ ಮಗ ಪಟ್ಟಿಗೆ ಸೇರುತ್ತಿದ್ದ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಬಂದಾಗ ಊರಲ್ಲಿಲ್ಲದವರ ಹೆಸರೆಲ್ಲ ಬರಬೇಕು. ಅವತ್ತು ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕುವೈತಿಗೂ ಕಳಿಸುತ್ತಿದ್ದಳು.

2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು. ಆ ರಾತ್ರಿ ಅಮ್ಮ ಸತ್ತವರಿಗೊಂದು ಆಮ್ಚ್ಯಾ ಬಾಪಾ ಹೇಳಿ, ಬದುಕಿ ಬಂದ ಎಂಟು ಜನರಿಗೆ ಇನ್ನೊಂದು ಹೇಳಿದಳು. ಬದುಕಿ ಉಳಿದವರಿಗೆ ಯಾಕೆ ಅಂತ ಅಣ್ಣ ಕೇಳಿದ. ‘ಅವರು ಇನ್ನು ಮಲಗಬೇಕಲ್ಲ ಪುತಾ’ ಅಂದಳು.

ಈಗ ಪಟ್ಟಿ ಹೇಳುವ ಕೆಲಸ ನನ್ನದು. ಮೊದಲ ದಿನ ಪಪ್ಪ, ಅಜ್ಜಿ, ಅಮ್ಮನ ಆರೋಗ್ಯ ಎಂದು ಮೂರಕ್ಕೆ ಮುಗಿಸಿ ಏಳುವಾಗ ಅಮ್ಮ ನನ್ನ ಮಣಿಕಟ್ಟು ಹಿಡಿದಳು. ‘ತೆಂ... ತೆಂ...’ ಅಂದಳು. ನೀರಾ? ತಲೆಯಾಡಿಸಿದಳು, ಅಲ್ಲ. ಬೆನ್ನು ನೋವಾ? ಅಲ್ಲ. ಆಲ್ತಾರಿನ ಕಡೆ ಕಣ್ಣು ಹಾಯಿಸಿದಳು. ಆಗ ಗೊತ್ತಾಯಿತು, ಯಾರದೋ ಹೆಸರು ಬಿಟ್ಟುಹೋಗಿದೆ.

ಹುಡುಕಲು ಶುರು ಮಾಡಿದೆ. ಕುವೈತಿನ ಮಾವ? ಅಲ್ಲ. ಮೀನಿನ ಹೆಂಗಸಿನ ಮಗ? ಅಲ್ಲ. ಅತ್ತಿಗೆಯ ತಮ್ಮ? ಮೊದಲಿದ್ದ ಪಾದ್ರಿಗಳು? ಅಲ್ಲ, ಅಲ್ಲ. ಆಕೆಗೆ ಬೇಕಾದವರ ಹೆಸರು ನನ್ನದೇ ಇರಬಹುದು ಅಂತ ನಿಮಗೆ ಅನಿಸುತ್ತಿರಬಹುದು. ನನಗೂ ಅನಿಸಿತ್ತು. ಮೂರನೇ ದಿನವೇ, ಸ್ವಲ್ಪ ನಾಚಿಕೆಯಿಂದ, ನನ್ನ ಹೆಸರು ಹೇಳಿ ನೋಡಿದೆ. ಅಲ್ಲ ಅಂತ ತಲೆಯಾಡಿಸಿದಳು. ಸುಳ್ಳು ಯಾಕೆ, ಬೇಜಾರಾಯಿತು.

ತೊಂದರೆ ಏನೆಂದರೆ, ದೇವರ ಮುಂದೆ ಒಮ್ಮೆ ಹೇಳಿದ ಹೆಸರನ್ನು ಕಾಟು ಹಾಕಲು ಮನಸ್ಸು ಬರುವುದಿಲ್ಲ. ನೀನಲ್ಲವಂತೆ, ಹೊರಗೆ ಹೋಗು ಅಂತ ಹೇಳುವುದು ಹೇಗೆ? ಹಾಗಾಗಿ ತಪ್ಪು ಹೇಳಿದವರೆಲ್ಲ ಪಟ್ಟಿಯಲ್ಲೇ ಉಳಿದರು. ಜಾಗದ ಗಡಿ ವಿಷಯದಲ್ಲಿ ನಮ್ಮ ಹತ್ತಿರ ಹನ್ನೊಂದು ವರ್ಷದಿಂದ ಮಾತು ಬಿಟ್ಟ ಚಿಕ್ಕಪ್ಪನ ಹೆಸರನ್ನೂ ಒಂದು ದಿನ ಹೇಳಿದೆ. ಅದು ಸರಿಯಾಗಿರುತ್ತದೆ ಅಂತ ನನಗೆ ಖಾತ್ರಿ ಇತ್ತು. ಕಥೆಯಲ್ಲಾದರೆ ಹಾಗೇ ಆಗುತ್ತದಲ್ವಾ? ಅಮ್ಮ ಅಲ್ಲ ಅಂದಳು. ಆದರೂ ಅವರೂ ಉಳಿದರು. ದಿನಾ ರಾತ್ರಿ ಅವರಿಗೊಂದು ಆಮ್ಚ್ಯಾ ಬಾಪಾ ಹೇಳುತ್ತೇನೆ. ಗಡಿಯ ಕಲ್ಲು ಇದ್ದಲ್ಲೇ ಇದೆ. ಹೋದ ವಾರ ಮಾರ್ಕೆಟ್ಟಿನಲ್ಲಿ ಎದುರು ಸಿಕ್ಕಿದಾಗ ನಾನು ಯೋಚಿಸದೆ ನಕ್ಕುಬಿಟ್ಟೆ. ಅವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ನೋಡಿ ನಕ್ಕಿರಬೇಕು ಅಂತ.

ಶಾಲೆಯ ಮೊದಲ ಟೀಚರ್, ಹಾಲಿನವ, ಪಪ್ಪನ ಜೊತೆ ಕೆಲಸ ಮಾಡಿದವರು, ಬ್ಯಾರಿ ಹೆಂಗಸು, ಬಲ್ಮಠದ ಗೆಳತಿ, ತೀರಿಹೋದ ಅವಳ ತಂದೆ, ಸ್ಪೀಚ್ ಥೆರಪಿಯ ಹುಡುಗಿ. ನಂಬಿಕೆ ಸಾಲುವುದಿಲ್ಲ ಅಂದ ಮಹನೀಯರೂ ಇದ್ದಾರೆ. ಅವರ ಹೆಸರು ಬಂದಾಗ ನಾನು ಸ್ವಲ್ಪ ಬೇಗ ಹೇಳಿ ಮುಗಿಸುತ್ತೇನೆ, ಪಪ್ಪನ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ. ನಿನ್ನೆಗೆ ಮೂವತ್ತನಾಲ್ಕು ಹೆಸರಾಯಿತು. ಊಟ ಒಂಬತ್ತಕ್ಕೆ ಮೊದಲು ಆಗುವುದಿಲ್ಲ. ಅಣ್ಣನ ಮಗಳು ನೆಲದ ಮೇಲೆ ಅಡ್ಡಾಗಿ ಸೀಲಿಂಗ್ ಫ್ಯಾನು ನೋಡುತ್ತಿರುತ್ತಾಳೆ, ನಾನು ಪಕ್ಕಾಸು ಎಣಿಸುತ್ತಿದ್ದ ಹಾಗೆ.

ಇವತ್ತು ಯಾರ ಹೆಸರು ಹೇಳಿ ನೋಡಲಿ ಅಂತ ಶಾಲೆಯಿಂದ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಯಾರೂ ಹೊಳೆಯಲಿಲ್ಲ. ಕಡೆಗೆ ಆಲ್ತಾರಿನ ಮುಂದೆ, ನಿನ್ನೆ ಮರೆತ ಐವತ್ತು ರೂಪಾಯಿ ಚಿಲ್ಲರೆಯನ್ನು ಇವತ್ತು ನೆನಪಿಟ್ಟು ಕೊಟ್ಟ ಸಿಟಿ ಬಸ್ಸಿನ ಕಂಡಕ್ಟರಿಗೆ ಅಂದೆ. ಹೆಸರು ಗೊತ್ತಿಲ್ಲ, ಅದಕ್ಕೆ ಬಸ್ಸಿನ ನಂಬರು ಹೇಳಿದೆ.

ಅಮ್ಮ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಬಾಯಿಯ ಎಡಭಾಗ ಮಾತ್ರ ಮೇಲೆ ಹೋಗುತ್ತದೆ ಈಗ. ನಗು ನಿಂತ ಮೇಲೆ ಅಲ್ಲ ಅಂತ ತಲೆಯಾಡಿಸಿ, ಹೆಬ್ಬೆರಳನ್ನು ದೊಡ್ಡ ಮಣಿಯ ಮೇಲಿಟ್ಟು, ಕಂಡಕ್ಟರನ ಆಮ್ಚ್ಯಾ ಬಾಪಾ ನಾನು ಶುರು ಮಾಡಲೆಂದು ಕಾದಳು.